ಬಾಗಿಲ ಪಕ್ಕದ ಮೈಕು

ಬ್ಯಾಡಗಿ
೫ ಮಾರ್ಚ್ ೨೦೨೫, ಬುಧವಾರ

ಹೊಳೆದಂಡೆಯ ಗೆಳತಿ ಮೆಹಬೂಬಿಗೆ ನಿನ್ನ ಮಾಹಿಯ ಪ್ರೀತಿಯ ನೆನಪುಗಳು.

ಐರಣಿ ಶಾಲೆಯಲ್ಲಿ ನಮಗೆ ಪತ್ರಲೇಖನ ಕಲಿಸಿದಾಗ, ಮೊದಲ ಸಾಲಿಗೇ ‘ನಾನು ಇಲ್ಲಿ ಕ್ಷೇಮ’ ಎಂದು ಬರೆಯಬೇಕು ಅಂತ ಮಾಸ್ತರು ಹೇಳಿದ್ದರು. ನೀನು ಬರೆಯಲಿಲ್ಲ. ಅವತ್ತು ನಿನಗೆ ಜ್ವರ ಇತ್ತು. “ಜ್ವರಾ ಬಂದೈತ್ರಿ, ಸುಳ್ಳು ಯಾಕ ಬರೀಲಿ” ಅಂತ ವಾದ ಹೂಡಿ ಬೆತ್ತದ ಏಟು ತಿಂದೆ. ನಾನು ಚೆಂದಾಗಿ ಬರೆದು ಪೂರ್ತಿ ಅಂಕ ತಗೊಂಡೆ. ಇವತ್ತು ಆ ಸಾಲನ್ನು ನಾನೂ ಬಿಟ್ಟಿದ್ದೇನೆ, ನೋಡು.

ಕಾಗದ ಯಾಕೆ ಅಂತ ಕೇಳಬೇಡ. ಫೋನು ಮಾಡಿದರೆ ನಿನಗೆ ಕೇಳಿಸದು. ವಾಟ್ಸಪ್ಪಿನಲ್ಲಿ ಬರೆದರೆ ಫೋನು ನಿಮ್ಮಣ್ಣ ಜಹಾಂಗೀರನ ಕಿಸೆಯಲ್ಲಿರುತ್ತದೆ, ನನ್ನ ಹೆಸರು ಕಂಡರೆ ಸಾಕು ಅವನು ಅಳಿಸಿ ಹಾಕುತ್ತಾನೆ. ಹೋದ ವಾರ ಐರಣಿಯವರೆಗೂ ಬಂದಿದ್ದೆ. ಅವನು ಹೊಸ್ತಿಲ ಮೇಲೆ ನಿಂತು, “ಆಕಿ ಮಲಗ್ಯಾಳ್ರಿ” ಅಂದ. ನೀನು ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ನನಗೆ ಕೇಳುತ್ತಿತ್ತು. ಅವನಿಗೆ ಸಿಟ್ಟು ಬರುವುದು ಸಹಜವೇ. ಅದಕ್ಕೇ ಇದನ್ನು ನಿನ್ನ ಕೈಗೇ ಕೊಡುವ ಹಾಗೆ ರಜಿಸ್ಟರ್ ಮಾಡುತ್ತೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನನಗೊಂದು ಪ್ರಶಸ್ತಿ ಬಂದಿದೆ. ಪತ್ರಿಕೆ, ರೇಡಿಯೋ, ಜಾಹೀರಾತು ಅಂತ ಜನರಿಗೆ ಮಾತು ಮುಟ್ಟಿಸುವ ಕೆಲಸ ಮಾಡುವ ಹೆಂಗಸರದೊಂದು ಒಕ್ಕೂಟ ಇದೆ, ‘ಸಂವಾದಿನಿ’ ಅಂತ. ಅವರು ವರ್ಷಕ್ಕೊಮ್ಮೆ ಐದು ಮಂದಿ ಸಾಧಕಿಯರನ್ನು ಆರಿಸುತ್ತಾರೆ. ಈ ಸಲ ‘ಸಂವಹನದಲ್ಲಿ ಧೈರ್ಯ’ ಎಂಬ ಪ್ರಶಸ್ತಿಗೆ, ಪೇಟೆಯ ದರ ಓದುವ ನಮ್ಮ ‘ದರದನಿ’ ರೇಡಿಯೋದ ಮಹೇಶ್ವರಿ, ಅಂದರೆ ನಾನು. ಬರುವ ಶನಿವಾರ, ಮಹಿಳಾ ದಿನದಂದು, ಹಾವೇರಿಯಲ್ಲಿ ಸಮಾರಂಭ. ಅರ್ಜಿ ತುಂಬಿದವಳು ನಮ್ಮ ಆಫೀಸಿನ ಶಿಲ್ಪಾ. ಪ್ರಶಸ್ತಿ ಪತ್ರದಲ್ಲಿ ಹೀಗಿದೆ: ‘ಬೆಂಕಿಯ ನಡುವೆಯೂ ಮೈಕು ಬಿಡದೆ ಕುಳಿತು, ಒಂದೇ ಮನವಿಯಿಂದ ಸಾವಿರಾರು ಜನರನ್ನು ಶಾಂತಗೊಳಿಸಿದ ದನಿ.’ ಓದಿ ನನಗೆ ಮೊದಲು ನಗು ಬಂತು. ಆಮೇಲೆ ಹೋಗಿ ರಾಣೆಬೆನ್ನೂರಿನಲ್ಲಿ ಸೀರೆ ಕೊಂಡುಕೊಂಡೆ.

ನನ್ನ ಆಸೆ ಏನೆಂದರೆ, ನೀನೂ ಬರಬೇಕು. ವೇದಿಕೆ ಮೇಲೆ ನಿನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಈ ಗೌರವದಲ್ಲಿ ಅರ್ಧ ನನ್ನ ಗೆಳತಿಯದು ಎಂದು ಹೇಳುತ್ತೇನೆ. ಭಾಷಣ ಬರೆದೂ ಇಟ್ಟಿದ್ದೇನೆ. ಕಾರು ಕಳಿಸುತ್ತೇನೆ.

ಆ ಸೋಮವಾರದ ಮಾತನ್ನು ನಾವಿಬ್ಬರೂ ಇನ್ನೂ ಆಡಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿನ್ನ ತಲೆಗೆ ಪಟ್ಟಿ ಸುತ್ತಿತ್ತು, ನನ್ನ ಬಾಯಿಗೂ ಸುತ್ತಿದ ಹಾಗಿತ್ತು. ಈಗ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ನನ್ನ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಸಂಕ್ರಾಂತಿ ಆದ ಮೇಲಿನ ಮೊದಲ ಗುರುವಾರ ಪೇಟೆಯಲ್ಲಿ ಮುಹೂರ್ತದ ಚೀಲ ಕಟ್ಟುತ್ತಾರೆ. ಮೂರೇ ಚೀಲ ಮೆಣಸಿನಕಾಯಿ, ಅದಕ್ಕೆ ಅರಿಸಿನ ಕುಂಕುಮ, ಊದಿನಕಡ್ಡಿ. ಅದನ್ನು ಒಬ್ಬ ವ್ಯಾಪಾರಸ್ಥ ಬಾಯಿಗೆ ಬಂದಷ್ಟು ಮೇಲಿನ ದರಕ್ಕೆ ಕೂಗಿ ಕೊಳ್ಳುತ್ತಾನೆ. ಅದು ಗೌರವದ ದರ, ಹಂಗಾಮಿಗೆ ಒಳ್ಳೆಯದಾಗಲಿ ಅಂತ. ಉಳಿದ ಮಾಲಿಗೂ ಅದಕ್ಕೂ ಸಂಬಂಧ ಇಲ್ಲ. ಹನ್ನೊಂದು ವರ್ಷದಿಂದ ನಾನು ಆ ದಿನದ ದರ ಓದುವಾಗ ಮುಹೂರ್ತದ ದರವನ್ನೇ ಮೊದಲು ಓದುತ್ತೇನೆ, ದನಿ ಎತ್ತರಿಸಿ. ಓಣಿಯ ಕಂಬಗಳ ಮೇಲಿನ ಹಾರ್ನುಗಳಲ್ಲಿ ಅದು ಕೇಳಿದರೆ ಹಮಾಲರು ಸಿಳ್ಳೆ ಹೊಡೆಯುತ್ತಾರೆ. ನೀವು ತೊಟ್ಟು ಬಿಡಿಸುವ ಹೆಂಗಸರು ನಗುತ್ತೀರಿ. ಅದು ಮುಹೂರ್ತದ್ದು ಅಂತ ಬಿಡಿಸಿ ಹೇಳಬೇಕೆಂದು ನನಗೆ ಒಂದು ವರ್ಷವೂ ಹೊಳೆಯಲಿಲ್ಲ. ಬ್ಯಾಡಗಿಯಲ್ಲಿ ಅದು ಯಾರಿಗೆ ಗೊತ್ತಿಲ್ಲ?

ಆದರೆ ಹೋದ ದೀಪಾವಳಿಯಿಂದ ನನ್ನ ಓದನ್ನು ಮೆಷಿನ್ನಿನಲ್ಲಿ ರೆಕಾರ್ಡು ಮಾಡಿಕೊಂಡು, ಆಮೇಲೆ ಫೋನಿನಲ್ಲೂ ಕಳಿಸುತ್ತಿದ್ದೆವು. ಅದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಹೊಳೆ ಆಚೆಯವರು, ಬಳ್ಳಾರಿ ಕಡೆಯವರು, ಅವರಿಗಿಂತ ಆಚೆಯವರು. ಅವರು ನನ್ನ ಮೊದಲ ಸಾಲು ಕೇಳಿದರು, ಲಾರಿ ಮಾಡಿಕೊಂಡು ಹೊರಟುಬಿಟ್ಟರು. ಸೋಮವಾರ ಬೆಳಿಗ್ಗೆ ಲಾರಿ ಸಾಲು ರೈಲ್ವೆ ಗೇಟು ದಾಟಿತ್ತು. ಮಧ್ಯಾಹ್ನ ಟೆಂಡರು ತೆರೆದಾಗ ನಾನು ಓದಿದ ದರದ ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಯಾರೋ ಒಬ್ಬ ಫೋನು ಎತ್ತಿ ಹಿಡಿದು ನನ್ನ ದನಿಯನ್ನು ಎಲ್ಲರಿಗೂ ಕೇಳಿಸಿದನಂತೆ. ಅಲ್ಲಿಂದ ನೂರಾರು ಜನ ನಮ್ಮ ಓಣಿಗೆ ತಿರುಗಿದರು. “ರೇಡಿಯೋದಾಕಿ ಎಲ್ಲದಾಳ? ಆಕೀನ್ನ ಹೊರಗ ಎಳೀರಲೇ” ಅನ್ನುವ ಕೂಗು ನನಗೆ ಮಹಡಿಯ ಮೇಲೆ ಕೇಳಿತು. ಆಗ ನಾನು ಅದೇ ದಿನದ ದರ ಓದುತ್ತಿದ್ದೆ.

ಮೊದಲ ಕಲ್ಲಿಗೆ ಕಿಟಕಿ ಹೋಯಿತು. ಎರಡನೆಯದು ಶಿಲ್ಪಾಳ ಕುರ್ಚಿಗೆ ಬಿತ್ತು. ಅವಳು ಅವತ್ತು ರಜೆ ಹಾಕಿದ್ದು ಅವಳ ಪುಣ್ಯ. ಕೆಳಗೆ ಎದುರಿನ ಅಂಗಡಿಯ ಗುಮಾಸ್ತನನ್ನು ಹೊರಗೆಳೆದು ಬಡಿಗೆಯಿಂದ ಹೊಡೆದರು. ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದ, ಬೆರಳಿನ ಮೇಲೇ ಹೊಡೆದರು. ತೂಕದ ಕಲ್ಲನ್ನು ಒಬ್ಬ ಗಾಡಿಯ ಗಾಜಿಗೆ ಎಸೆದ, ಒಳಗೆ ಡ್ರೈವರ್ ಕೂತಿದ್ದಾನೋ ಇಲ್ಲವೋ ಅಂತಲೂ ನೋಡಲಿಲ್ಲ. ಒಂದು ಜೀಪನ್ನು ಮಗುಚಿ ಹಾಕಿ ಡೀಸೆಲ್ ಸುರಿದರು. ಯಾರದೋ ಹಲ್ಲು ಉದುರಿದ್ದನ್ನು ನಾನು ಮೇಲಿನಿಂದ ಕಂಡೆ. ಅವನು ಬಗ್ಗಿ ಅದನ್ನು ಹುಡುಕುತ್ತಿದ್ದ, ಹುಡುಕುವವನ ಬೆನ್ನಿಗೂ ಒದ್ದರು.

ಆಮೇಲೆ ಚೀಲಗಳಿಗೆ ಬೆಂಕಿ ಬಿತ್ತು. ಒಗ್ಗರಣೆಗೆ ಎರಡು ಮೆಣಸಿನಕಾಯಿ ಹೆಚ್ಚು ಸುಟ್ಟರೆ ಮನೆಮಂದಿಯೆಲ್ಲ ಹೊರಗೆ ಓಡುತ್ತೇವೆ. ಅವತ್ತು ಒಂದು ಲಾರಿ ಮಾಲು ಉರಿಯಿತು. ಕಣ್ಣು ಬಿಟ್ಟವರು ಯಾರೂ ಇರಲಿಲ್ಲ. ಕೆಮ್ಮುತ್ತಾ, ಕಾರಿಕೊಳ್ಳುತ್ತಾ, ಕೈಗೆ ಸಿಕ್ಕವರನ್ನು ಹೊಡೆಯುತ್ತಿದ್ದರು. ಪೊಲೀಸರೂ ಕಣ್ಣು ಮುಚ್ಚಿಕೊಂಡೇ ಲಾಠಿ ಬೀಸುತ್ತಿದ್ದರು. ಒಬ್ಬ ಮುದುಕ ಬಿದ್ದ, ಅವನ ಮೇಲೆ ಕಾಲಿಟ್ಟು ಜನ ಹೋದರು. ನನಗೆ ಎದೆಯೊಳಗೆ ಉರಿ, ಮೂಗಲ್ಲಿ ನೀರು. ನಾನು ಸಾಯುತ್ತೇನೆ ಎಂದು ನನಗೆ ಖಾತ್ರಿಯಾಯಿತು.

ಆಫೀಸಿನಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಮೆಷಿನ್ ನೋಡಿಕೊಳ್ಳುವ ರುದ್ರಮುನಿ. ರುದ್ರಮುನಿ ಬಾಗಿಲ ಅಗಳಿ ಹಾಕಿ, ಬೆನ್ನು ಕೊಟ್ಟು ನಿಂತುಬಿಟ್ಟ. ನಾನು ಮೇಜಿನ ಕೆಳಗೆ ಹೊಕ್ಕೆ. ಅಲ್ಲಿಂದ ಬಾಗಿಲು ಬಡಿದ ಸದ್ದು ಕೇಳಿತು. ಯಾರೋ ಕೂಗುತ್ತಿದ್ದರು. ಆ ಗದ್ದಲದಲ್ಲಿ ಯಾವ ದನಿ ಯಾರದೆಂದು ತಿಳಿಯುವ ಹಾಗಿರಲಿಲ್ಲ ಮೆಹಬೂಬಿ. ಆ ರುದ್ರಮುನಿ ಅಂತೂ ಜಪ್ಪಯ್ಯ ಅಂದರೂ ತೆಗೆಯುವ ಆಸಾಮಿಯಲ್ಲ.

ನೀನು ಯಾಕೆ ಬಂದಿದ್ದೆ ಎಂದು ಆಮೇಲೆ ತಿಳಿಯಿತು. ನೀವೆಲ್ಲ ಹಿಂದಿನ ಗೋದಾಮಿನ ಗೋಡೆ ಹಾರಿ ಪಾರಾಗಿದ್ದಿರಂತೆ. ನೀನೊಬ್ಬಳು ಹೊರಳಿ ಬಂದೆ. ನಮ್ಮ ಮೆಟ್ಟಿಲ ಕೆಳಗಿನ ಚೀಲಕ್ಕೂ ಬೆಂಕಿ ಹತ್ತಿದ್ದನ್ನು ಕಂಡು, ನನ್ನನ್ನು ಹಿಂದಿನ ನಿಚ್ಚಣಿಕೆಯಿಂದ ಇಳಿಸಬೇಕು ಅಂತ. ಮೆಣಸಿನಕಾಯಿ ಧೂಳಿಗೆಂದು ಮೂಗು ಬಾಯಿಗೆ ಕಟ್ಟಿಕೊಂಡ ಅರಿವೆ ಹಾಗೇ ಇತ್ತು. ರೇಡಿಯೋ ಆಫೀಸಿನ ಬಾಗಿಲಲ್ಲಿ, ಮುಖ ಮುಚ್ಚಿಕೊಂಡ ಒಬ್ಬ ಹೆಣ್ಣುಮಗಳು. ಕೆಳಗಿನಿಂದ ನೋಡಿದವರಿಗೆ ಅಷ್ಟೇ ಸಾಕಾಯಿತು. “ಇಕೀನ ನೋಡ್ರಲೇ, ದರಾ ಓದಿದಾಕಿ. ಮಾರಿ ಮುಚ್ಕೊಂಡು ಒಳಗ ಹೊಂಟಾಳ” ಅಂದರು. ನನ್ನ ಪಾಲಿನ ಹೊಡೆತ ನಿನಗೆ ಬಿತ್ತು. ಬಡಿಗೆಯಿಂದ ಬಲಗಿವಿಯ ಮೇಲೆ ಹೊಡೆದರು, ನಿನ್ನ ಎಡಗಿವಿ ಮೆಟ್ಟಿಲ ಕಬ್ಬಿಣದ ಕಂಬಿಗೆ ಅಪ್ಪಳಿಸಿತು. ಬಿದ್ದ ಮೇಲೂ ಬಿಡಲಿಲ್ಲ. ಕೂದಲು ಹಿಡಿದು ನಾಲ್ಕು ಮೆಟ್ಟಿಲು ಕೆಳಗೆಳೆದರು.

ಮೈಕು ಬಾಗಿಲಿಗೆ ಎರಡು ಗೇಣು ದೂರ. ನಾನು ಓದುತ್ತಾ ಎದ್ದವಳು ಅದನ್ನು ಬಂದ್ ಮಾಡಿರಲಿಲ್ಲ. ನೀನು ಚೀರಿದ್ದು ಆ ಹಲಗೆಯ ಬಾಗಿಲು ದಾಟಿ, ಮೈಕಿಗೆ ಹೊಕ್ಕು, ಹದಿನಾಲ್ಕು ಹಾರ್ನುಗಳಲ್ಲಿ ಇಡೀ ಪೇಟೆಗೆ ಕೇಳಿತು. ನಿನ್ನ ದನಿ ಅಂಥದ್ದು. ನಿಮ್ಮಪ್ಪ ಹರಗೋಲು ನಡೆಸುವಾಗ, ಊಟಕ್ಕೆ ಬಾ ಅಂತ ಈ ದಂಡೆಯಲ್ಲಿ ನಿಂತು ಕೂಗಿದರೆ ತುಂಗಭದ್ರೆ ದಾಟಿ ಆ ದಂಡೆಗೆ ಮುಟ್ಟುತ್ತಿತ್ತು. ನಾನು ಕೂಗಿದರೆ ನಡು ನೀರಿಗೂ ಹೋಗುತ್ತಿರಲಿಲ್ಲ. ಅವತ್ತು ನೀನು ಯಾರ ಹೆಸರನ್ನೂ ಕೂಗಲಿಲ್ಲ, ಬರೀ ಚೀರಿದೆ. ನಾಲ್ಕೂ ದಿಕ್ಕಿನಿಂದ ಒಂದು ಹೆಣ್ಣಿನ ಚೀರಾಟ ಕೇಳಿದಾಗ ಜನರ ಕೈ ನಿಂತಿತು. ಎತ್ತಿದ ಬಡಿಗೆಯನ್ನು ಹಾಗೇ ಹಿಡಿದು ಅವರು ಕಂಬದ ಕಡೆ ನೋಡುತ್ತಿದ್ದರಂತೆ. ಪೇಟೆ ತಣ್ಣಗಾಯಿತು. ಆಗ ನಾನು ಮೇಜಿನ ಕೆಳಗಿನಿಂದ ಬಂದು, “ಎಲ್ಲಾರೂ ಸುಮ್ನಾಗ್ರಿ, ದಯಮಾಡಿ ಮನಿಗೆ ಹೋಗ್ರಿ” ಅಂದೆ. ಆಗಲೇ ಸುಮ್ಮನಾದವರಿಗೆ ಸುಮ್ಮನಾಗ್ರಿ ಅಂದೆ. ಶಿಲ್ಪಾ ಪ್ರಶಸ್ತಿ ಸಮಿತಿಗೆ ಕಳಿಸಿದ ರೆಕಾರ್ಡಿಂಗಿನಲ್ಲಿ ಇರುವುದು ಆ ಎರಡು ಮಾತು, ಅದಕ್ಕೂ ಮೊದಲಿನ ಒಂದಿಷ್ಟು ಮೌನ, ಅಷ್ಟೇ. ನಾನೇ ಅಲ್ಲಿಂದ ಕತ್ತರಿಸಿ ಕೊಟ್ಟಿದ್ದೆ.

ಇನ್ನು ಅಸ್ಲಮನ ವಿಷಯ. ನಿನ್ನ ಗಂಡ ಚೀಲ ಎತ್ತುವ ಕೊಕ್ಕೆ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದು ನಿನ್ನನ್ನು ಬಿಡಿಸಲಿಕ್ಕೆ. ನಿನ್ನನ್ನು ಎಳೆದವರ ಮೇಲೆ ಬಿದ್ದು, ನಿನ್ನನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಮೇಲೆ ಬಂದ. ಕೆಳಗೆ ಬೆಂಕಿ, ಹೋಗಲು ಬೇರೆ ದಾರಿ ಇರಲಿಲ್ಲ. ಕೊಕ್ಕೆಯಿಂದ ನಮ್ಮ ಬಾಗಿಲು ಒಡೆಯತೊಡಗಿದ. ಪೊಲೀಸರು ಅವನನ್ನು ಹಿಡಿದಾಗ ಕೊಕ್ಕೆಯ ತುಂಬ ರಕ್ತ, ಬಾಗಿಲ ತುಂಬ ಕೊಕ್ಕೆಯ ಗುರುತು. ನನ್ನ ಹೇಳಿಕೆ ಬರೆದುಕೊಂಡರು. ಕೊಕ್ಕೆ ಹಿಡಿದವನೊಬ್ಬ ಬಾಗಿಲು ಒಡೆಯುತ್ತಿದ್ದ ಎಂದೆ. ಫೋಟೋ ತೋರಿಸಿದರು, ಇವನೇ ಎಂದೆ. ಅದು ಖರೇನೇ. ಯಾಕೆ ಒಡೆಯುತ್ತಿದ್ದ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆರು ವಾರ ಆಯಿತು, ಅವನು ಹಾವೇರಿ ಜೈಲಿನಲ್ಲಿದ್ದಾನೆ.

ಬರುವ ಸೋಮವಾರ ಜಾಮೀನಿನ ವಿಚಾರಣೆ ಅಂತ ಗೊತ್ತು. ನಿಮ್ಮ ವಕೀಲ ಪ್ರಭುಲಿಂಗಪ್ಪನವರು ಎರಡು ಸಲ ಆಫೀಸಿಗೆ ಬಂದು ಪೂರ್ತಿ ರೆಕಾರ್ಡಿಂಗು ಕೊಡಿ ಎಂದು ಕೇಳಿದರು. “ಅದೊಂದು ಸಿಕ್ಕರ ಅಂವಾ ಹೊರಗ ಬರ್ತಾನ್ರಿ. ಬಾಗಲಾ ಯಾಕ ಒಡದಾನ ಅನ್ನೂದು ಅದರಾಗ ಐತಿ” ಅಂದರು. ಅದು ಅಳಿಸಿಹೋಗಿದೆ ಎಂದು ಹೇಳಿದೆ. ನೀನು ಚಿಂತೆ ಮಾಡಬೇಡ. ಶನಿವಾರದ ಸಮಾರಂಭ ಒಂದು ಮುಗಿಯಲಿ, ನಾನೇ ಹೋಗಿ ಹೇಳಿಕೆ ತಿದ್ದಿಸುತ್ತೇನೆ. ಪ್ರಶಸ್ತಿ ಬಂದವಳ ಮಾತಿಗೆ ತೂಕವೂ ಜಾಸ್ತಿ ಇರುತ್ತದೆ.

ಒಂದು ಮಾತು ಕೇಳಬೇಕು. ಆಸ್ಪತ್ರೆಯಲ್ಲಿ ಡಾಕ್ಟರು ಪಾಟಿಯ ಮೇಲೆ ‘ಕೊನೆಗೆ ನಿಮಗೆ ಏನು ಕೇಳಿಸಿತ್ತು?’ ಎಂದು ಬರೆದು ನಿನ್ನ ಕೈಗೆ ಬಳಪ ಕೊಟ್ಟರು. ನೀನು ಬಳಪ ತಗೊಂಡೆ. ನನ್ನ ಮುಖ ನೋಡಿದೆ. ಬಹಳ ಹೊತ್ತು ನೋಡಿದೆ. ಆಮೇಲೆ ಬಳಪ ಕೆಳಗಿಟ್ಟು ಗೋಡೆಯ ಕಡೆ ಹೊರಳಿದೆ. ಯಾಕೆ ಬರೆಯಲಿಲ್ಲ?

ಉತ್ತರ ಬರೆ. ಶನಿವಾರ ಬಾ. ಆ ಹಸಿರು ಸೀರೆ ಉಟ್ಟುಕೊಂಡು ಬಾ, ನಿನಗದು ಒಪ್ಪುತ್ತದೆ.

ಎಂದಿಗೂ ನಿನ್ನವಳೇ ಆದ
ಮಾಹಿ

ತಾ.ಕ.: ಶುಕ್ರವಾರ, ೭ ಮಾರ್ಚ್.

ಈ ಕಾಗದ ಎರಡು ದಿನ ನನ್ನ ಚೀಲದಲ್ಲೇ ಇತ್ತು. ಹರಿದು ಬೇರೆ ಬರೆಯೋಣ ಎಂದುಕೊಂಡೆ. ಬೇಡ, ನಾನು ಎಂಥವಳು ಅಂತ ನಿನಗೆ ಗೊತ್ತಾಗಲಿ ಎಂದು ಹಾಗೇ ಕಳಿಸುತ್ತಿದ್ದೇನೆ.

ನಿನ್ನೆ ರುದ್ರಮುನಿ ಪೇಡೆ ತಂದುಕೊಟ್ಟ. ಆಚೆ ಈಚೆ ನೋಡಿ, ದನಿ ತಗ್ಗಿಸಿ, “ಅವತ್ತಿಂದು ನಾ ಯಾರ ಮುಂದೂ ಬಾಯಿ ಬಿಟ್ಟಿಲ್ರಿ ಅಕ್ಕಾರ. ನೀವು ಕಾಳಜಿ ಮಾಡಬ್ಯಾಡ್ರಿ, ಆರಾಮ ಹೋಗಿ ಪ್ರಶಸ್ತಿ ತಗೋರಿ” ಅಂದ. ಮೇಲೆ ಅವನ ಬಗ್ಗೆ ಏನು ಬರೆದಿದ್ದೇನೆ ಎಂದು ನೆನಪಾಯಿತು. ಪೇಡೆಯನ್ನು ಹಾಗೇ ಮೇಜಿನ ಮೇಲಿಟ್ಟೆ.

ರೆಕಾರ್ಡಿಂಗು ಅಳಿಸಿರಲಿಲ್ಲ. ಪೆನ್ ಡ್ರೈವು ನನ್ನ ಕುಂಕುಮದ ಭರಣಿಯಲ್ಲಿತ್ತು. ಇವತ್ತು ಬೆಳಿಗ್ಗೆ ಹಾವೇರಿಗೆ ಹೋಗಿ ಪ್ರಭುಲಿಂಗಪ್ಪನವರ ಮೇಜಿನ ಮೇಲಿಟ್ಟೆ. ಅವರು ನನ್ನ ಎದುರಿಗೇ ಕೇಳಿದರು. ಒಂದು ಕಡೆ ನಿಲ್ಲಿಸಿ, “ಇದು ನಿಮ್ಮ ದನೀನ ಏನ್ರಿ?” ಅಂದರು. ಹೌದು ಎಂದೆ. ಬರೆದು ಸಹಿ ಮಾಡಿಕೊಟ್ಟೆ. ಸೋಮವಾರ ಕೋರ್ಟಿನಲ್ಲಿ ನಿಂತು ಹೇಳುತ್ತೇನೆ. ಅಸ್ಲಮ್ ಮನೆಗೆ ಬರುತ್ತಾನೆ ಎಂದರು. ಒಕ್ಕೂಟಕ್ಕೂ ಪ್ರಶಸ್ತಿ ಬೇಡವೆಂದು ಬರೆದೆ, ಕಾರಣವನ್ನೂ ಬರೆದೆ. ನಾಳೆ ನೀನು ಹಾವೇರಿಗೆ ಬರುವುದು ಬೇಡ. ನಾನೂ ಹೋಗುವುದಿಲ್ಲ.

ಇನ್ನು ಅದನ್ನು ವಕೀಲರು ಕೇಳುತ್ತಾರೆ, ಜಡ್ಜರು ಕೇಳುತ್ತಾರೆ, ಜಹಾಂಗೀರನೂ ಕೇಳುತ್ತಾನೆ. ನಿನಗೊಬ್ಬಳಿಗೆ ಕೇಳಲಾಗದು. ಓದಿ ಹೇಳುವುದೇ ನನ್ನ ಕೆಲಸ. ಅದಕ್ಕೆ ಅದರಲ್ಲಿ ಇರುವುದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ. ಆಗ ಕೆಳಗೆ ಇನ್ನೂ ಗದ್ದಲ ಇತ್ತು, ಓಣಿಯಲ್ಲಿ ಯಾರ ಕಿವಿಗೂ ಇದು ಬಿದ್ದಿಲ್ಲ. ಮೆಷಿನ್ನಿಗೆ ಮಾತ್ರ ಕೇಳಿದೆ.

ಮೊದಲು ಅಗಳಿ ಬೀಳುವ ಸದ್ದು. ಅದನ್ನು ಹಾಕಿದವಳು ನಾನು. ಆಮೇಲೆ ಬಾಗಿಲು ಬಡಿಯುವ ಸದ್ದು.

ನೀನು: “ಮಾಹೀ, ನಾನ ಅದೇನಿ, ಮೆಹಬೂಬಿ. ಕೆಳಗ ಬೆಂಕಿ ಹತ್ತೇತಿ. ಹಿಂದ ನಿಚ್ಚಣಿಕಿ ಐತಿ, ಲಗೂ ಬಾಗಲಾ ತಗಿ, ಹೋಗೂಣು.”

ರುದ್ರಮುನಿ: “ನಿಮ್ಮ ಗೆಳತಿ ಬಂದಾರ್ರಿ ಅಕ್ಕಾರ. ತಗೀತೇನ್ರಿ.”

ನಾನು: “ತಗೀಬ್ಯಾಡ್ರಿ. ಮಂದಿ ಒಳಗ ಬರ್ತಾರ.”

ನೀನು: “ಮಾಹೀ, ಮಂದಿ ಮೆಟ್ಟಲಾ ಏರಾಕತ್ತಾರ. ತಗಿಯ.”

ರುದ್ರಮುನಿ: “ಹೊಡೀತಾರ್ರಿ ಆಕೀನ್ನ. ಕೈ ಬಿಡ್ರಿ, ತಗೀತೇನಿ.”

ನಾನು: “ಬ್ಯಾಡಂದ್ನೆಲ್ಲಾ. ಆಕಿ ಯಾರೋ ನನಗ ಗೊತ್ತಿಲ್ಲ.”

ಇದನ್ನು ನಾನು ಮೇಜಿನ ಕೆಳಗಿನಿಂದ ಅಂದದ್ದಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಜೋರಾಗಿಯೇ ಅಂದೆ. ನಡುವೆ ಒಂದು ಹಲಗೆ ಅಷ್ಟೇ ಇತ್ತು. ಇದಾದ ಮೇಲೆ ಮೊದಲ ಹೊಡೆತದ ಸದ್ದಿದೆ, ಆಮೇಲೆ ನಿನ್ನ ಚೀರಾಟ. ನಡುವೆ ಬೇರೆ ಯಾರ ಮಾತೂ ಇಲ್ಲ, ಹತ್ತು ಸಲ ಕೇಳಿ ನೋಡಿದೆ.

ಡಾಕ್ಟರು ಕೇಳಿದ್ದಕ್ಕೆ ನೀನು ಏನು ಬರೆಯಲಿಲ್ಲ ಎಂದು ನನಗೆ ಗೊತ್ತು ಮೆಹಬೂಬಿ. ಈಗ ನಾನು ಬರೆದಿದ್ದೇನೆ.